ಅಲ್ಮೆರಿಯಾದಿಂದ ಬಂದ ಹಸಿರು ಬದನೆ

೧೯೯೪ರ ಚಳಿಗಾಲ. ನಾನಾಗ ಪಶ್ಚಿಮ ಲಂಡನ್ನಿನ ಹೌನ್ಸ್ಲೋದಲ್ಲಿ ತರಕಾರಿ ಸಗಟು ವ್ಯಾಪಾರದ ಒಂದು ಕಂಪನಿಯಲ್ಲಿ ಪ್ರೊಕ್ಯೂರ್‌ಮೆಂಟ್ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದಾದರೂ ಕೆಲಸದ ವಿವರಣೆ ಸರಳ. ಯಾವ ತಿಂಗಳಲ್ಲಿ ಯಾವ ತರಕಾರಿ ಯೂರೋಪಿನ ಯಾವ ಮೂಲೆಯಲ್ಲಿ ಅಗ್ಗವಾಗಿ ಬೆಳೆಯುತ್ತದೆ ಎಂದು ಹುಡುಕಬೇಕು, ಅದು ಬಾಡದೆ ಲಂಡನ್ನಿಗೆ ಬರುವಂತೆ ನೋಡಿಕೊಳ್ಳಬೇಕು. ಧಾರವಾಡದ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆ ಓದಿದವಳು, ಸರಕಾರಿ ಆಸ್ಪತ್ರೆಯ ಡಾಕ್ಟರ ಹೆಂಡತಿಯಾಗಿ ಈ ದೇಶಕ್ಕೆ ಬಂದು ಕೆಲವು ವರ್ಷ ಸುಮ್ಮನೆ ಕೂತಿದ್ದೆ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ನನಗೆ ಹೊನ್ನಿನ ಚಿಂತೆಗಿಂತ ಕೂತದ್ದೇ ದೊಡ್ಡ ಚಿಂತೆಯಾಗಿತ್ತು. ಹಾಗಾಗಿ ಸ್ಥಳೀಯ ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು.

ಕಂಪನಿಯ ಮಾಲೀಕರು ಹಸ್ಮುಖ್‌ಭಾಯ್. ಉಗಾಂಡಾದಿಂದ ಹೊರದಬ್ಬಿಸಿಕೊಂಡು ಬಂದ ಗುಜರಾತಿ ಮನೆತನದವರು. ಮಾತು ಕಡಿಮೆ, ಲೆಕ್ಕ ಪಕ್ಕಾ, ನನ್ನನ್ನು 'ಬೆಹನ್' ಎಂದು ಕರೆಯುತ್ತಿದ್ದರು. ಲಾರಿಗಳ ಓಡಾಟ ನೋಡಿಕೊಳ್ಳುತ್ತಿದ್ದವನು ವಿನ್ಸೆಂಟ್, ಉಡುಪಿ ಕಡೆಯ ಕ್ರಿಶ್ಚಿಯನ್. ಮನೆಯಲ್ಲಿ ಕೊಂಕಣಿ, ಡಿಪೋದಲ್ಲಿ ಇಂಗ್ಲಿಷು, ನನ್ನ ಹತ್ತಿರ ಮಾತ್ರ ಕರಾವಳಿಯ ಕನ್ನಡ. ಇಡೀ ಆಫೀಸಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಆದದ್ದರಿಂದ, ಬೇರೆಯವರಿಗೆ ಕೇಳಿಸಬಾರದ ಮಾತೆಲ್ಲ ಗಟ್ಟಿಯಾಗಿಯೇ ಆಡುತ್ತಿದ್ದೆವು.

ಓದುಗರಿಗೆ ಯೂರೋಪಿನ ತರಕಾರಿ ನಕ್ಷೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಕಣ್ಣಿಗೆ ಯೂರೋಪು ಎಂದರೆ ದೇಶಗಳ ಪಟ್ಟಿ: ಫ್ರಾನ್ಸು, ಜರ್ಮನಿ, ಸ್ಪೇನು. ವ್ಯಾಪಾರದ ಕಣ್ಣಿಗೆ ಅದು ಸೀಮೆಗಳ ಪಟ್ಟಿ. ಡಚ್ಚರ ಕರಾವಳಿಯಲ್ಲಿ ಗಾಜಿನ ಮನೆಗಳಿವೆ. ಅಲ್ಲಿ ಚಳಿಗಾಲದಲ್ಲಿ ಬಿಸಿಲಿಲ್ಲ. ಗ್ಯಾಸ್ ಉರಿಸಿ ಗಿಡ ಬೆಚ್ಚಗಿಡುತ್ತಾರೆ, ಆ ಖರ್ಚು ಕಾಯಿಯ ಬೆಲೆಯಲ್ಲಿ ಬರುತ್ತದೆ. ಫ್ರಾನ್ಸಿನ ಬ್ರಿಟನಿಯಲ್ಲಿ ಹೂಕೋಸು ಬೆಳೆಯುತ್ತದೆ, ಅಲ್ಲಿಯ ರೈತರ ಕೋಪವೂ ಅಷ್ಟೇ ಹುಲುಸಾಗಿ ಬೆಳೆಯುತ್ತದೆ. ಸ್ಪೇನಿನ ಆಗ್ನೇಯ ತುದಿಯಲ್ಲಿ ಅಲ್ಮೆರಿಯಾ ಎಂಬ ಪ್ರಾಂತ್ಯವಿದೆ. ಒಂದು ಕಾಲಕ್ಕೆ ಇಡೀ ದೇಶದಲ್ಲೇ ಬಡ ಸೀಮೆ. ನಮ್ಮ ವಿಜಾಪುರದ ಕಡೆಗಿಂತ ಒಣ ನೆಲ. ಆದರೆ ಜನವರಿಯಲ್ಲೂ ಅಲ್ಲಿ ಬಿಸಿಲು ಬೀಳುತ್ತದೆ. ಆ ಬಿಸಿಲಿಗೆ ಪ್ಲಾಸ್ಟಿಕ್ ಹೊದಿಸಿ, ನೆಲದಾಳದ ನೀರೆತ್ತಿ, ಮಣ್ಣಿನ ಮೇಲೆ ಗೊಬ್ಬರ, ಗೊಬ್ಬರದ ಮೇಲೆ ಸಮುದ್ರದ ಮರಳು ಹಾಸಿ, ಅಲ್ಲಿಯವರು ಯೂರೋಪಿಗೆಲ್ಲ ಚಳಿಗಾಲದ ತರಕಾರಿ ಕೊಡತೊಡಗಿದ್ದರು.

೧೯೯೩ರಲ್ಲಿ ಯೂರೋಪಿಯನ್ ದೇಶಗಳ ಒಳಗಿನ ಕಸ್ಟಮ್ಸ್ ತಪಾಸಣೆ ಹೋಯಿತು. ಗಡಿಯಲ್ಲಿ ಕಾಗದಕ್ಕಾಗಿ ಕಾಯುತ್ತಿದ್ದ ಲಾರಿಗಳು ಪಿರನೀಸ್ ಬೆಟ್ಟ ದಾಟಿ, ಫ್ರಾನ್ಸ್ ಹಾದು, ಮೂರ್ನಾಲ್ಕು ದಿನದಲ್ಲಿ ಲಂಡನ್ ಸೇರತೊಡಗಿದವು. ದಾರಿಯಲ್ಲಿ ದಕ್ಷಿಣ ಫ್ರಾನ್ಸಿನ ರೈತರು ಆಗಾಗ ಸ್ಪೇನಿನ ಲಾರಿ ತಡೆದು ಮಾಲನ್ನು ರಸ್ತೆಗೆ ಸುರಿಯುವುದಿತ್ತು. ಬ್ರಸೆಲ್ಸಿನಲ್ಲಿ ಗಡಿ ಅಳಿಸಿದರೂ ರೈತನ ಮನಸ್ಸಿನಲ್ಲಿ ಅದು ಬೇಗ ಅಳಿಯುವುದಿಲ್ಲ. ಆದರೂ ವಿಮಾನದಲ್ಲಿ ಬರುವ ಮಾಲಿಗಿಂತ ಲಾರಿಯ ಮಾಲು ಬಹಳ ಅಗ್ಗವಾಗಿತ್ತು. ಆಗ ನಮ್ಮ ಕಡೆಯ ತರಕಾರಿಯೆಲ್ಲ ವಿಮಾನದಲ್ಲೇ ಹೀಥ್ರೋಗೆ ಬಂದು ಇಳಿಯುತ್ತಿತ್ತು, ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತಿತ್ತು.

ಆ ವರ್ಷ ವಾಯವ್ಯ ಲಂಡನ್ನಿನ ಕ್ವೀನ್ಸ್‌ಬರಿಯ ಒಂದು ಶಾಲೆಯ ಹಾಲ್‌ನಲ್ಲಿ ಕನ್ನಡದವರ ದೀಪಾವಳಿ ಕೂಟ ನಡೆಯಿತು. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು ಎಲ್ಲ ಕಡೆಯವರೂ ಇದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಗದ್ದಲ ಮಾಡುತ್ತಿದ್ದವು, ದೊಡ್ಡವರು ಊಟದ ಮಾತಾಡುತ್ತಿದ್ದರು. ಮೈಸೂರಿನ ಡಾಕ್ಟರ್ ಸುಮಿತ್ರಾ, ಮಕ್ಕಳ ವಾರ್ಡಿನಲ್ಲಿ ಬಹಳ ಗಟ್ಟಿಗಿತ್ತಿ ಎಂದು ಹೆಸರಾದವರು, ತಟ್ಟೆಯಲ್ಲಿದ್ದ ಡಚ್ ಬದನೆಕಾಯಿಯ ಹೋಳನ್ನು ಚಮಚದಿಂದ ತಳ್ಳಿ ಹೇಳಿದರು:

"ಇದು ಬದನೆಕಾಯಿ ಅಲ್ಲ ಕಣ್ರೀ, ಬೂಟು. ನಮ್ಮೂರ ಹಸಿರು ಬದನೆಕಾಯಿ ಸಿಕ್ಕಿದ್ರೆ ಎಷ್ಟಾದ್ರೂ ಕೊಟ್ಟು ತಗೋತೀನಿ."

ಸುತ್ತ ಕೂತವರೆಲ್ಲ ಹೌದು ಹೌದು ಎಂದರು. ನಮ್ಮೂರ ಬದನೆ ಎಂದರೆ ನಮ್ಮೂರ ಬದನೆಯೇ ಎಂದು ಒಬ್ಬರು ನಿಟ್ಟುಸಿರಿಟ್ಟರು. ಎಲ್ಲರ ಮುಖದಲ್ಲೂ ಒಂದೇ ಹಂಬಲ. ಈ ಮಾತನ್ನು ನೆನಪಿಡಿ, ಕಥೆಯ ಗಂಟು ಇಲ್ಲೇ ಬಿದ್ದದ್ದು.

ಮಾರನೆಯ ವಾರ ನಾನು ಹಸ್ಮುಖ್‌ಭಾಯ್ ಮುಂದೆ ಕೂತು ವಿಷಯ ಇಟ್ಟೆ. ಬೀಜ ಭಾರತದಿಂದ ಸರಿಯಾದ ಸರ್ಟಿಫಿಕೇಟ್ ಜೊತೆ ತರಿಸೋಣ, ಅಲ್ಮೆರಿಯಾದ ಬಿಸಿಲಲ್ಲಿ ಬೆಳೆಸೋಣ, ಲಾರಿಯಲ್ಲಿ ತರೋಣ ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. ಬಾಯಿಂದ ಹೊಗಳುವ ಗಿರಾಕಿ ಬೇರೆ, ಚೀಲ ಹಿಡಿದು ಬರುವ ಗಿರಾಕಿ ಬೇರೆ ಎಂದರು. ಕೊನೆಗೆ ಒಂದು ಸೀಸನ್ ನೋಡೋಣ ಎಂದು ಒಪ್ಪಿದರು. ಮುಂದಿನ ಚಳಿಗಾಲದ ಜನವರಿ ಕೊನೆಯವರೆಗೆ ಬೆಳೆದದ್ದನ್ನೆಲ್ಲ ಕಂಪನಿ ಕೊಳ್ಳುತ್ತದೆ. ಆ ಹೊತ್ತಿಗೆ ಮಾರುಕಟ್ಟೆ ಹಿಡಿಯದಿದ್ದರೆ ಅಲ್ಲಿಗೆ ಮುಗಿಯಿತು.

ಮರುವರ್ಷ ಜೂನ್‌ನಲ್ಲಿ ನಾನು ಅಲ್ಮೆರಿಯಾಕ್ಕೆ ಹೊರಟೆ. ನಮ್ಮವರು ಆಸ್ಪತ್ರೆಯಿಂದ ಬಂದವರು ನನ್ನ ಸೂಟ್‌ಕೇಸ್ ನೋಡಿ, "ಮಂದಿ ಸ್ಪೇನಿಗೆ ಸಮುದ್ರ ನೋಡಾಕ ಹೋಗ್ತಾರ. ನೀ ಬದನಿಕಾಯಿ ನೋಡಾಕ ಹೊಂಟೀಯಲ್ಲ," ಎಂದರು. ಸಮುದ್ರವೂ ಕಾಣುತ್ತದೆ ಎಂದು ಹೇಳಿ ಟ್ಯಾಕ್ಸಿ ಹತ್ತಿದೆ.

ವಿಮಾನ ಇಳಿಯುವಾಗ ಸಮುದ್ರ ಯಾವುದು, ನೆಲ ಯಾವುದು ತಿಳಿಯಲಿಲ್ಲ. ಬೆಟ್ಟದ ಬುಡದಿಂದ ನೀರಿನ ಅಂಚಿನವರೆಗೆ ಬಿಳಿ ಪ್ಲಾಸ್ಟಿಕ್. ಅಲ್ಲಿಯ ರೈತರ ಸಹಕಾರಿ ಸಂಘದ ಎಕ್ಸ್‌ಪೋರ್ಟ್ ವಿಭಾಗದಲ್ಲಿ ಪಿಲಾರ್ ಎಂಬ ಹೆಂಗಸಿದ್ದಳು. ಚೆನ್ನಾಗಿ ಇಂಗ್ಲಿಷ್ ಬಲ್ಲವಳು, ನನಗೂ ರೈತರಿಗೂ ನಡುವಿನ ದುಭಾಷಿ. ಏಳೆಂಟು ರೈತರು ನನ್ನ ಮಾತು ಕೇಳಿ ತಲೆಯಾಡಿಸಿ ಎದ್ದು ಹೋದರು. ಹಸಿರು ಬದನೆ ಎಂದರೆ ಅವರಿಗೆ ಕಾಯಿಲೆ ಬಿದ್ದ ಬದನೆ. ಉಳಿದವನು ಮಾನುಯೆಲ್ ಒಬ್ಬನೇ.

ಮಾನುಯೆಲ್‌ಗೆ ಆಗ ಐವತ್ತು ದಾಟಿರಬೇಕು. ಹುಟ್ಟಿದ್ದು ಹಿಂದಿನ ಬೆಟ್ಟಗಳ ಒಂದು ಹಳ್ಳಿಯಲ್ಲಿ. ಅಲ್ಲಿ ಬದುಕು ನಡೆಯದೆ, ಹರೆಯದಲ್ಲೇ ಜರ್ಮನಿಗೆ ಹೋಗಿ ಸ್ಟುಟ್‌ಗಾರ್ಟಿನ ಕಾರ್ಖಾನೆಯಲ್ಲಿ ಹತ್ತಾರು ವರ್ಷ ದುಡಿದವನು. ಆಗಿನ ದಕ್ಷಿಣ ಸ್ಪೇನಿನ ಲಕ್ಷಾಂತರ ಜನ ಹಾಗೇ ಹೋದವರು. ಉತ್ತರದ ಕಾರ್ಖಾನೆಗೆ ಕೈ ಬೇಕಿತ್ತು, ದಕ್ಷಿಣದ ಹೊಟ್ಟೆಗೆ ಕೂಳು ಬೇಕಿತ್ತು. ಆ ದುಡಿಮೆಯಲ್ಲಿ ಮಾನುಯೆಲ್ ಈ ಕರಾವಳಿಯಲ್ಲಿ ಎರಡು ಗ್ರೀನ್‌ಹೌಸಿನಷ್ಟು ಜಾಗ ಕೊಂಡಿದ್ದ. ಒಂದರಲ್ಲಿ ದೊಣ್ಣೆಮೆಣಸಿನಕಾಯಿ. ಇನ್ನೊಂದನ್ನು ನನ್ನ ಬದನೆಗೆ ಕೊಡುವೆನೆಂದ. ಯಾಕೆ ಒಪ್ಪಿದೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ಪಿಲಾರ್ ನಿಧಾನವಾಗಿ ಇಂಗ್ಲಿಷಿಗೆ ತಂದಳು:

"ಮೊದಲು ನಾವೇ ಉತ್ತರಕ್ಕೆ ಹೋಗುತ್ತಿದ್ದೆವು. ಈಗ ತರಕಾರಿ ಹೋಗುತ್ತದೆ, ನಾವು ಮನೆಯಲ್ಲಿ ಇರುತ್ತೇವೆ. ಎಲ್ಲರೂ ಒಂದೇ ಕಾಯಿ ಬೆಳೆದರೆ ಒಂದು ದಿನ ಬೆಲೆ ಬೀಳುತ್ತದೆ. ಆಗ ಮತ್ತೆ ನಾವೇ ಹೋಗಬೇಕಾಗುತ್ತದೆ. ನಾನು ಒಮ್ಮೆ ಹೋಗಿ ಬಂದಿದ್ದೇನೆ. ಸಾಕು."

ಮಾತು ಮುಗಿಸಿ ಕೈ ಚಾಚಿದ. ಅಲ್ಲಿ ಒಪ್ಪಂದವೆಂದರೆ ಮೊದಲು ಕೈ ಕುಲುಕುವುದು, ಕಾಗದ ಆಮೇಲೆ. ಕೈ ಕೊಡುವಾಗ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ನಾನು ತಪ್ಪಿದರೆ ನನಗೆ ಬೇರೆ ತರಕಾರಿ ಇತ್ತು, ಒಂದೇ ಗ್ರೀನ್‌ಹೌಸಿನಲ್ಲಿ ಮನೆ ನಡೆಯದ ಅವನಿಗೆ ಸ್ಟುಟ್‌ಗಾರ್ಟ್ ಮಾತ್ರ ಇತ್ತು. ಹೊರಡುವ ಮುಂಚೆ ಕಾಯಿಯ ಅಳತೆಯನ್ನು ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದೆ. ಎಣ್ಣೆಗಾಯಿಗೆ ಬೇಕಾದ ಕಾಯಿ, ನಿಂಬೆಹಣ್ಣಿಗಿಂತ ತುಸು ದೊಡ್ಡದಿದ್ದಾಗ ಕೀಳಬೇಕು. ಮಾನುಯೆಲ್ ನನ್ನ ಬೆರಳು ನೋಡಿ ನಕ್ಕ. ಇದಿನ್ನೂ ಕೂಸು, ಕೂಸನ್ನು ಯಾರಾದರೂ ಕೀಳುತ್ತಾರೆಯೇ ಎಂದ. ನಾನೂ ನಕ್ಕೆ. ಇಬ್ಬರ ನಗೆಯ ಅರ್ಥವೂ ಬೇರೆಯಿತ್ತೆಂದು ನವೆಂಬರಿನಲ್ಲಿ ತಿಳಿಯಿತು.

ನವೆಂಬರಿನಲ್ಲಿ ಮೊದಲ ಲೋಡು ಹೌನ್ಸ್ಲೋಗೆ ಬಂತು. ವಿನ್ಸೆಂಟ್ ಪೆಟ್ಟಿಗೆ ಬಿಚ್ಚಿದವನು ಹಾಗೇ ನಿಂತ. ಒಳಗೆ ತಿಳಿಹಸಿರು ಬಣ್ಣದ, ಮೇಣ ಹಚ್ಚಿದಂತೆ ಹೊಳೆಯುವ, ಒಂದೊಂದೂ ತೆಂಗಿನಕಾಯಿಯಷ್ಟು ದಪ್ಪದ ಬದನೆಕಾಯಿಗಳು. ಒಂದರ ಮೇಲೂ ಕಲೆಯಿಲ್ಲ, ಹುಳುಕಿಲ್ಲ. ಅಷ್ಟು ಚೆಂದದ ತಪ್ಪನ್ನು ನಾನು ಆಮೇಲೆಂದೂ ನೋಡಲಿಲ್ಲ.

"ಎಂಥ ಅಕ್ಕ ಇದು?" ಎಂದ ವಿನ್ಸೆಂಟ್. "ನೀವು ಎಣ್ಣೆಗಾಯಿಗೆ ಅಂತ ಹೇಳಿದ್ದಲ್ವಾ? ಇದರೊಳಗೆ ಮಸಾಲೆ ತುಂಬಿಸ್ಲಿಕ್ಕೆ ಒಂದು ಬಕೆಟ್ ಬೇಕು ಮಾರಾಯ್ರೆ."

ಫೋನ್ ಮಾಡಿದಾಗ ಪಿಲಾರ್ ವಿವರಿಸಿದಳು. ಅಲ್ಲಿ ರೈತನಿಗೆ ದುಡ್ಡು ತೂಕದ ಮೇಲೆ. ಎಳೆಯ ಕಾಯಿ ಕಿತ್ತು ಕಳಿಸಿದರೆ ಮೋಸ ಮಾಡಿದಂತೆ, ಬೆಳೆಗಾರನ ಮರ್ಯಾದೆಗೆ ಕಡಿಮೆ. ಬೆರಳಲ್ಲಿ ತೋರಿಸಿದ ಅಳತೆಯನ್ನು ಮಾನುಯೆಲ್ ಕಾಯಿಯ ಕನಿಷ್ಠ ಅಳತೆ ಎಂದುಕೊಂಡು, ನನ್ನ ಮೇಲಿನ ಗೌರವಕ್ಕೆ ಇನ್ನಷ್ಟು ದಿನ ಗಿಡದಲ್ಲೇ ಬಿಟ್ಟಿದ್ದ. ಮೇಲಾಗಿ ಸಂಘದ ವಿಂಗಡಣೆ ಯಂತ್ರದಲ್ಲಿ ಸಣ್ಣ ಕಾಯಿಗಳು ಸಂದಿಯಿಂದ ಕೆಳಗೆ ಬಿದ್ದು ಕಸಕ್ಕೆ ಹೋಗುತ್ತಿದ್ದವು. ಹಸ್ಮುಖ್‌ಭಾಯ್ ಒಂದು ಕಾಯಿ ಎತ್ತಿ ತಿರುಗಿಸಿ ನೋಡಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದರು. ಕಸಕ್ಕೆ ಹಾಕುವುದಕ್ಕಿಂತ ಇರಲಿ ಎಂದು ವಿನ್ಸೆಂಟ್ ಆ ಪೆಟ್ಟಿಗೆಗಳನ್ನು ಪೂರ್ವ ಲಂಡನ್ನಿಗೆ ಹೋಗುವ ವ್ಯಾನಿಗೆ ಏರಿಸಿ, ಅಲ್ಲಿಯ ಅಂಗಡಿಗಳಿಗೆ ಬಂದ ಬೆಲೆಗೆ ಹಂಚಿಬಿಟ್ಟ. ಎರಡು ಕಾಯಿ ತನ್ನ ಮನೆಗೂ ಒಯ್ದ. ನಾನು ಮರುದಿನವೇ ಸ್ಪೇನಿಗೆ ಟಿಕೆಟ್ ತೆಗೆಸಿದೆ.

ಈ ಸಲ ಸೂಟ್‌ಕೇಸಿನಲ್ಲಿ ಶೇಂಗಾ ಪುಡಿ, ಗುರೆಳ್ಳು ಪುಡಿ, ಹುಣಸೆಹಣ್ಣು, ಬೆಲ್ಲ ಇದ್ದವು. ವಾದ ಮಾಡಿ ರೈತನನ್ನು ಒಪ್ಪಿಸಿದವರನ್ನು ನಾನು ಕಂಡಿಲ್ಲ. ಮಾನುಯೆಲ್‌ನ ಹೆಂಡತಿ ಎನ್ಕಾರ್ನಾಳ ಅಡುಗೆಮನೆಯಲ್ಲಿ ನಿಂತು, ಗಿಡದಿಂದ ನಾನೇ ಕಿತ್ತು ತಂದ ಎಳೆಗಾಯಿಗಳ ತೊಟ್ಟು ತೆಗೆಯದೆ, ಬುಡದಿಂದ ನಾಲ್ಕು ಸೀಳು ಮಾಡಿ ಮಸಾಲೆ ತುಂಬಿದೆ. ತೊಟ್ಟು ತೆಗೆದರೆ ಕಾಯಿ ಬಿಚ್ಚಿಕೊಳ್ಳುತ್ತದೆ, ಕಾಯಿ ದೊಡ್ಡದಾದರೆ ಒಳಗೆ ಬೇಯುವುದಿಲ್ಲ. ಮಾನುಯೆಲ್ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಎನ್ಕಾರ್ನಾ ಮಾತ್ರ ಸೀಳಿದ ಕಾಯಿಯೊಂದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದಳು. ಆಮೇಲೆ ಗಂಡನಿಗೆ ಏನೋ ಹೇಳಿದಳು, ಪಿಲಾರ್ ಆಶ್ಚರ್ಯದಿಂದ ನನ್ನ ಕಡೆ ತಿರುಗಿದಳು.

ಎನ್ಕಾರ್ನಾಳ ತಾಯಿಯ ಊರು ಒಳನಾಡಿನ ಲಾ ಮಾಂಚ ಎಂಬ ಬಯಲು ಸೀಮೆಯಲ್ಲಿತ್ತು. ಅಲ್ಲಿ ಬದನೆಯನ್ನು ಕೂಸಾಗಿದ್ದಾಗಲೇ ತೊಟ್ಟಿನ ಸಮೇತ ಕಿತ್ತು, ಬೇಯಿಸಿ, ಜೀರಿಗೆ ಬೆಳ್ಳುಳ್ಳಿ ಹಾಕಿದ ವಿನೆಗರಿನಲ್ಲಿ ಉಪ್ಪಿನಕಾಯಿ ಹಾಕುತ್ತಾರಂತೆ. ಈ ಕರಾವಳಿಗೆ ಮದುವೆಯಾಗಿ ಬಂದ ಮೇಲೆ ಇಷ್ಟು ಸಣ್ಣ ಕಾಯಿಯನ್ನು ಮತ್ತೆ ನೋಡಿರಲಿಲ್ಲವಂತೆ. ಒಂದೇ ದೇಶ, ಒಂದೇ ಭಾಷೆ, ಒಂದೇ ಮನೆ. ಗಂಡನ ಸೀಮೆಯಲ್ಲಿ ಪಾಪವಾದದ್ದು ಹೆಂಡತಿಯ ಸೀಮೆಯಲ್ಲಿ ಹಬ್ಬದ ರುಚಿ. ಎಣ್ಣೆಗಾಯಿ ತಿಂದ ಮಾನುಯೆಲ್ ಖಾರಕ್ಕೆ ಕಣ್ಣೊರೆಸಿಕೊಂಡ, ಆದರೆ ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ. ಅಂದಿನಿಂದ ಕೀಳುವ ಕೆಲಸ ಎನ್ಕಾರ್ನಾಳ ಕೈಗೆ ಹೋಯಿತು. ಯಂತ್ರದ ಕಡೆಗೇ ಹೋಗದೆ ಮನೆಯಲ್ಲೇ ಕೈಯಿಂದ ವಿಂಗಡಿಸಿ ಪೆಟ್ಟಿಗೆ ತುಂಬತೊಡಗಿದಳು.

ಡಿಸೆಂಬರಿನ ಲೋಡುಗಳು ಬಂದವು. ಅಪ್ಪಟ ನಮ್ಮ ಧಾರವಾಡದ ಸಂತೆಯ ಕಾಯಿ. ಕ್ವೀನ್ಸ್‌ಬರಿಯ ಅಂಗಡಿಗಳಲ್ಲಿ ಇಟ್ಟೆವು, ಸೌತ್‌ಹಾಲ್‌ನಲ್ಲಿ ಇಟ್ಟೆವು. ಮೊದಲ ವಾರ ಫೋನಿನ ಮೇಲೆ ಫೋನು. ಹೊಗಳಿಕೆ ಕೇಳಿ ಕೇಳಿ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಎರಡನೆಯ ವಾರ ಅಂಗಡಿಯವರು ಅರ್ಧ ಮಾಲು ಸಾಕೆಂದರು. ಮೂರನೆಯ ವಾರ ಕಳಿಸಿದ್ದೇ ಹಾಗೇ ಕೂತಿದೆ, ತೊಟ್ಟು ಕಪ್ಪಾಗುತ್ತಿದೆ ಎಂದರು.

ಸಂಕ್ರಾಂತಿಯ ಕೂಟದಲ್ಲಿ ನಾನು ಎಳ್ಳುಬೆಲ್ಲ ಹಂಚುವ ನೆಪದಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ಡಾಕ್ಟರ್ ಸುಮಿತ್ರಾ ಸಂಕೋಚವಿಲ್ಲದ ಹೆಂಗಸು, ನೇರವಾಗಿ ಹೇಳಿದರು.

"ಕಾಯಿ ಚೆನ್ನಾಗಿದೆ ಕಣ್ರೀ, ಬೇಜಾರು ಮಾಡ್ಕೋಬೇಡಿ. ಆದ್ರೆ ನಮ್ಮೂರ ಬದನೆ ಅಂದ್ರೆ ಉದ್ದಕ್ಕಿರಬೇಕು. ವಾಂಗೀಭಾತಿಗೆ ಈ ಗುಂಡನ್ನ ಹೇಗೆ ಹೆಚ್ಚಲಿ?"

ಬೆಂಗಳೂರಿನವರೊಬ್ಬರಿಗೆ ನೇರಳೆ ಗೀರಿನ ಕಾಯಿ ಬೇಕಿತ್ತು. ಉಡುಪಿಯವರಿಗೆ ಬೇಕಾದದ್ದು ಹುಳಿಗೆ ಹಾಕುವ ದಪ್ಪ ಗುಳ್ಳ. ಸಣ್ಣದನ್ನು ಅವರು ಕೈಯಿಂದಲೂ ಮುಟ್ಟಲಿಲ್ಲ. ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ನಮ್ಮೂರ ಬದನೆ ನಮ್ಮೂರ ಬದನೆ ಎಂದು ಒಟ್ಟಿಗೆ ತಲೆಯಾಡಿಸಿದ್ದವರ ತಲೆಯೊಳಗೆ ಒಬ್ಬೊಬ್ಬರದೂ ಒಂದೊಂದು ಕಾಯಿ ಇತ್ತು. ನಾನು ತರಿಸಿದ್ದು ನನ್ನ ತಲೆಯೊಳಗಿನದನ್ನು. ಎಣ್ಣೆಗಾಯಿ ಮಾಡುವ ಮನೆಗಳು ಲಂಡನ್ನಿನಲ್ಲಿ ಬೆರಳ ಮೇಲೆ ಎಣಿಸುವಷ್ಟು. ಅವರು ವಾರವಾರ ಕೊಂಡರೂ ಒಂದು ಗ್ರೀನ್‌ಹೌಸ್ ನಡೆಯುವುದಿಲ್ಲ. ಹಸ್ಮುಖ್‌ಭಾಯ್ ಅವರ ಮನೆಯಲ್ಲೂ ತುಂಬುಗಾಯಿ ಮಾಡುತ್ತಾರೆ, ಆದರೆ ಅವರಿಗೆ ನೇರಳೆಯದೇ ಆಗಬೇಕು. ಸೌತ್‌ಹಾಲ್‌ನ ಪಂಜಾಬಿಗಳು ಸುಟ್ಟು ಭರ್ತಾ ಮಾಡುವವರು, ಅವರಿಗೆ ಡಚ್ಚರ ಬೂಟೇ ಸರಿ.

ಜನವರಿಯ ಮೂರನೆಯ ವಾರ ಪಿಲಾರ್ ಫೋನ್ ಮಾಡಿದಳು. ಅಕ್ಕಪಕ್ಕದವರೆಲ್ಲ ಚಳಿಗಾಲದ ಬೆಳೆ ಮುಗಿಸಿ ಕರಬೂಜಕ್ಕೆ ನೆಲ ಸಿದ್ಧ ಮಾಡುತ್ತಿದ್ದಾರೆ. ಮಾನುಯೆಲ್ ಗಿಡ ಕೀಳಬೇಕೋ ಉಳಿಸಬೇಕೋ ಹೇಳಬೇಕು. ಆ ವರ್ಷ ದೊಣ್ಣೆಮೆಣಸಿಗೆ ಒಳ್ಳೆಯ ಬೆಲೆ ಬಂದಿತ್ತು. ಬದನೆಗೆ ಜಾಗ ಕೊಡದೆ ಅದನ್ನೇ ಹಾಕಿದ್ದವರು ಗೆದ್ದಿದ್ದರು. ಸ್ಟುಟ್‌ಗಾರ್ಟಿನಲ್ಲಿರುವ ಮಾನುಯೆಲ್‌ನ ತಮ್ಮ ಅಣ್ಣನಿಗಾಗಿ ಅಲ್ಲೇ ಒಂದು ಗೋದಾಮಿನಲ್ಲಿ ಕೆಲಸ ನೋಡಿಟ್ಟಿದ್ದಾನೆ ಎಂದು ಎನ್ಕಾರ್ನಾ ಪಿಲಾರ್ ಹತ್ತಿರ ಹೇಳಿಕೊಂಡಿದ್ದಳು. ಮಾನುಯೆಲ್ ಮಾತ್ರ ಆ ವಿಷಯ ಬಾಯಿ ಬಿಟ್ಟಿರಲಿಲ್ಲ. ಹಸ್ಮುಖ್‌ಭಾಯ್ ಮಾತಿಗೆ ತಪ್ಪುವವರಲ್ಲ, ಹಾಗೆಯೇ ಮಾತಿಗಿಂತ ಒಂದು ದಿನ ಹೆಚ್ಚು ಕೊಡುವವರೂ ಅಲ್ಲ. ತಿಂಗಳ ಕೊನೆಗೆ ನಿಲ್ಲಿಸೋಣ ಬೆಹನ್ ಎಂದರು. ಆ ವಾರವೆಲ್ಲ, ಒಬ್ಬ ಮನುಷ್ಯ ಇಷ್ಟು ವಯಸ್ಸಿನಲ್ಲಿ ಮತ್ತೆ ಪೆಟ್ಟಿಗೆ ಕಟ್ಟಿಕೊಂಡು ಉತ್ತರದ ರೈಲು ಹತ್ತುವುದು ಕಣ್ಣೆದುರು ಬರುತ್ತಿತ್ತು. ನಾನೇ ಊರು ಬಿಟ್ಟು ಬಂದವಳು; ಅದು ಎಷ್ಟು ಭಾರ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡು ದಿನದ ಮೇಲೆ ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬರು ಆಫೀಸಿಗೆ ಬಂದರು. ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಅಂಗಡಿ ಇಟ್ಟಿದ್ದ ಚೌಧುರಿ ಎಂಬವರು, ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ನಮ್ಮ ವ್ಯಾನಿನಿಂದ ಸೊಪ್ಪು, ಮೆಣಸಿನಕಾಯಿ ತೆಗೆದುಕೊಳ್ಳುತ್ತಿದ್ದ ಹಳೆಯ ಗಿರಾಕಿ. ಬಂದವರು ಕೂರಲಿಲ್ಲ. ಸಿಟ್ಟಿನಲ್ಲಿದ್ದರು.

"ನವೆಂಬರಿನಲ್ಲಿ ದೊಡ್ಡ ಹಸಿರು ಬದನೆ ಕಳಿಸಿದಿರಿ. ಅಂಥದ್ದು ನಮ್ಮ ಜನ ಊರು ಬಿಟ್ಟ ಮೇಲೆ ನೋಡಿರಲಿಲ್ಲ. ಅದನ್ನೇಕೆ ನಿಲ್ಲಿಸಿದಿರಿ? ಪ್ರತಿವಾರ ಕೇಳಿದರೆ ನಿಮ್ಮ ಡ್ರೈವರ್ ಗೋಲಿಯಂಥದ್ದು ತೋರಿಸುತ್ತಾನೆ. ಅದರಿಂದ ನಾವೇನು ಮಾಡೋಣ?"

ಅಷ್ಟು ದೊಡ್ಡ ಕಾಯಿಯನ್ನು ಏನು ಮಾಡುತ್ತಾರೆ ಎಂದು ಕೇಳಿದೆ. ಅವರು ಗಾಳಿಯಲ್ಲೇ ಕೈಯಿಂದ ಕತ್ತರಿಸಿ ತೋರಿಸಿದರು: ಬೆರಳು ದಪ್ಪದ ಬಿಲ್ಲೆ, ಅದಕ್ಕೆ ಅರಿಸಿನ ಉಪ್ಪು, ಸಾಸಿವೆ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ. ಬಿಲ್ಲೆ ಅಂಗೈ ತುಂಬದಿದ್ದರೆ ಮನೆಗೆ ಬಂದ ನೆಂಟನಿಗೆ ಬಡಿಸಲಿಕ್ಕೆ ನಾಚಿಕೆ ಎಂದರು.

ಅವರ ಮಾತೊಂದನ್ನೇ ನಂಬಲು ನಾನು ಸಿದ್ಧಳಿರಲಿಲ್ಲ. ಹಾಲ್‌ನ ತಲೆಯಾಡಿಸುವಿಕೆಯ ರುಚಿ ಇನ್ನೂ ಬಾಯಲ್ಲಿತ್ತು. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದುತ್ತದಂತೆ. ಆ ಶನಿವಾರ ವಿನ್ಸೆಂಟ್ ಜೊತೆ ವೈಟ್‌ಚಾಪೆಲ್‌ಗೆ ಹೋದೆ. ನಾಲ್ಕು ಅಂಗಡಿಗಳ ಮುಂದೆ ನಿಂತು, ತರಕಾರಿ ಆರಿಸುತ್ತಿದ್ದ ಹೆಂಗಸರನ್ನು ಹಸಿರು ಬದನೆ ಬೇಕೇ ಎಂದು ಕೇಳಲಿಲ್ಲ, ಬದನೆಯನ್ನು ಹೇಗೆ ಹೆಚ್ಚುತ್ತೀರಿ ಎಂದು ಮಾತ್ರ ಕೇಳಿದೆ. ಹಿಂದಿ ಬಲ್ಲವರು ಹಿಂದಿಯಲ್ಲಿ, ಉಳಿದವರು ಮಗಳಿಂದ ಇಂಗ್ಲಿಷಿನಲ್ಲಿ ಹೇಳಿಸಿದರು. ಎಲ್ಲರೂ ಒಂದೇ ಥರ ಕೈ ಆಡಿಸಿದರು. ಎಲ್ಲರೂ ಒಂದೇ ಸೀಮೆಯವರು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಅಡುಗೆ ಬದಲಾಗದ ಹಾಗೆ ಊರಿಗೂರೇ ಎದ್ದು ಬಂದು ಕೆಲವು ಬೀದಿಗಳಲ್ಲಿ ನೆಲೆಸಿತ್ತು. ನಾವು ಕನ್ನಡದವರು ನಾಲ್ಕು ಸೀಮೆಯಿಂದ ಬಂದು ಇಡೀ ಲಂಡನ್ನಿಗೆ ಚದುರಿದವರು. ವ್ಯತ್ಯಾಸ ಅಷ್ಟೇ ಇತ್ತು.

"ಅಕ್ಕ, ಅವತ್ತು ನಾನು ಮನೆಗೆ ಎರಡು ತಗೊಂಡು ಹೋದದ್ದು ನೀವು ಕೇಳ್ಲೇ ಇಲ್ಲ," ಎಂದ ವಿನ್ಸೆಂಟ್ ವ್ಯಾನ್ ನಡೆಸುತ್ತ. "ನಮ್ಮ ಗುಳ್ಳದ ಹಾಗೆಯೇ ಇತ್ತು. ಹುಳಿ ಲಾಯ್ಕಾಗಿತ್ತು."

ಅದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. ನೀವು ಅಷ್ಟು ಬೇಸರದಲ್ಲಿದ್ದಿರಿ, ಚೆನ್ನಾಗಿತ್ತು ಅಂತ ಹೇಳ್ಲಿಕ್ಕೆ ಧೈರ್ಯ ಬರಲಿಲ್ಲ ಎಂದ. ಅದೂ ನ್ಯಾಯವೇ.

ಸೋಮವಾರ ಹಸ್ಮುಖ್‌ಭಾಯ್ ಎದುರು ಚೌಧುರಿಯವರ ಮತ್ತು ಇನ್ನೂ ಮೂರು ಅಂಗಡಿಗಳ ಆರ್ಡರ್ ಇಟ್ಟೆ. ಅವರು ಪೆನ್ನಿನ ಮುಚ್ಚಳ ತಿರುಗಿಸಲಿಲ್ಲ, ನೇರವಾಗಿ ಫೋನನ್ನು ನನ್ನ ಕಡೆ ತಳ್ಳಿದರು. ಪಿಲಾರ್ ಮಾನುಯೆಲ್‌ನನ್ನು ಸಂಘದ ಆಫೀಸಿಗೆ ಕರೆಸಿದಳು. ಗಿಡ ಕೀಳಬೇಡಿ ಎಂದೆ. ಇನ್ನು ಮೇಲೆ ಕಾಯಿಯನ್ನು ದೊಡ್ಡದಾಗಲು ಬಿಡಿ, ಮೊದಲ ಲೋಡಿನಷ್ಟೇ ದೊಡ್ಡದು, ಅದೇ ಬೇಕು ಎಂದೆ. ಆ ಕಡೆ ಪಿಲಾರ್ ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಆಮೇಲೆ ಮಾನುಯೆಲ್‌ನ ದನಿ, ಅದರ ಹಿಂದೆ ಪಿಲಾರ್‌ಳ ನಗು.

"ಅವನು ಹೇಳುತ್ತಿದ್ದಾನೆ, ಅದು ಕೂಸು ಅಂತ ನಾನು ಜೂನ್‌ನಲ್ಲೇ ಹೇಳಿರಲಿಲ್ಲವೇ ಅಂತ."

ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಎರಡು ಸಾಲು ಮಾತ್ರ ಎನ್ಕಾರ್ನಾ ತನಗೆ ಇಟ್ಟುಕೊಂಡಳು. ಅದರ ಸಣ್ಣ ಕಾಯಿಗಳು ನಮ್ಮ ಬೆರಳೆಣಿಕೆಯ ಎಣ್ಣೆಗಾಯಿ ಮನೆಗಳಿಗೆ ಬರುತ್ತಿದ್ದವು, ಪ್ರತಿ ಕ್ರಿಸ್‌ಮಸ್‌ಗೆ ಒಂದು ಜಾಡಿ ಉಪ್ಪಿನಕಾಯಿ ನನಗೆ. ಮಾನುಯೆಲ್ ಸ್ಟುಟ್‌ಗಾರ್ಟಿಗೆ ಹೋಗಲಿಲ್ಲ. ಮರುವರ್ಷ ಅಂದು ಎದ್ದು ಹೋಗಿದ್ದ ರೈತರಲ್ಲಿ ಇಬ್ಬರು ಬಂದು ಬೀಜ ಕೇಳಿದರು.

೨೦೦೩ರಲ್ಲಿ ಕೊನೆಯ ಸಲ ಅಲ್ಲಿಗೆ ಹೋದಾಗ ಗ್ರೀನ್‌ಹೌಸಿನಲ್ಲಿ ಮೊರಾಕೋದಿಂದ ಬಂದ ಇಬ್ಬರು ದುಡಿಯುತ್ತಿದ್ದರು. ಪ್ಲಾಸ್ಟಿಕ್ಕಿನ ಕೆಳಗೆ ಉಸಿರು ಕಟ್ಟುವ ಸೆಕೆ. ಆ ಸೀಮೆ ಈಗ ಶ್ರೀಮಂತವಾಗಿತ್ತು, ಆದರೆ ಕೈ ಮತ್ತೆ ಬೇರೆಯವರದ್ದು. ನಮಗೆ ಜರ್ಮನಿ ಇದ್ದಂತೆ ಇವರಿಗೆ ಇದೇ ಉತ್ತರದ ಸೀಮೆ ಎಂದು ಮಾನುಯೆಲ್ ಹೇಳಿ, ಅವರಿಗೆ ನೀರಿನ ಬಾಟಲಿ ಕೊಡಲು ತಾನೇ ಎದ್ದು ಹೋದ. ಜರ್ಮನಿಯಲ್ಲಿ ತನಗೆ ಯಾರೂ ಕೊಟ್ಟಿರಲಿಲ್ಲವಂತೆ.

೨೦೦೭ರಲ್ಲಿ ನಿವೃತ್ತಳಾದೆ. ಪೆಟ್ಟಿಗೆಯ ಮೇಲೆ ದೇಶದ ಹೆಸರು ಬರೆಯಬೇಕೆಂದು ಕಾನೂನಿದೆ, ಬರೆಯುತ್ತೇವೆ. ಆದರೆ ಬೆಳೆಯುವವನು ದೇಶ ಅಲ್ಲ, ತಿನ್ನುವವನೂ ದೇಶ ಅಲ್ಲ. ಎರಡೂ ಕಡೆ ಇರುವುದು ಸೀಮೆ, ಆ ಸೀಮೆಯ ನೀರು, ಬಿಸಿಲು, ಹೆಮ್ಮೆ, ಹಟ. ಅದನ್ನು ತಿಳಿಯಲು ಬೇಕು ಬೇಡ ಎಂದು ಕೇಳಿ ಪ್ರಯೋಜನವಿಲ್ಲ. ಬೇಕೇ ಎಂದರೆ ಊರು ಬಿಟ್ಟವರೆಲ್ಲ ಬೇಕು ಎಂದೇ ಅನ್ನುತ್ತಾರೆ. ಹೇಗೆ ಹೆಚ್ಚುತ್ತೀರಿ ಎಂದು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದೊಂದು ಪ್ರಶ್ನೆ, ಇದನ್ನೇ ನನ್ನ ಜಾಗಕ್ಕೆ ಬಂದವರಿಗೂ ಹೇಳಿಕೊಟ್ಟೆ.

ನನ್ನ ಬೀಳ್ಕೊಡುಗೆಯ ಊಟಕ್ಕೆ ಡಾಕ್ಟರ್ ಸುಮಿತ್ರಾ ಬಂದಿದ್ದರು. ಎಲ್ಲ ತಿಂದು ಕೈ ತೊಳೆದು, ನನ್ನ ಭುಜ ಹಿಡಿದು, "ಏನೇ ಹೇಳಿ, ನಮ್ಮ ಮೈಸೂರಿನ ಉದ್ದ ಬದನೆ ಮಾತ್ರ ನೀವು ಕೊನೇವರೆಗೂ ತರಿಸ್ಲಿಲ್ಲ," ಎಂದರು.

"ತರಸ್ತೀನ್ರೀ," ಎಂದೆ. "ಮೈಸೂರು ಮಂದಿ ಎಷ್ಟು ಮನಿ ಅದಾವ, ವಾರಕ್ಕ ಎಷ್ಟು ಸಲ ವಾಂಗೀಭಾತ ಮಾಡ್ತೀರಿ, ಅದನ್ನ ಮೊದಲ ಹೇಳ್ರಿ."

ಅವರು ಕೋಟು ಹುಡುಕಲು ಹೋದರು.